ಬಿಲ್ಲೆ ನಂಬರು ನಾನೂರ ಹದಿನೇಳು

ಹಟ್ಟಿ ಕ್ಯಾಂಪಿನ ಮನೆಗಳಿಗೆ ಗಡಿಯಾರ ಬೇಕಿರಲಿಲ್ಲ.
ನೆಲದೊಳಗೆ ಮದ್ದು ಸಿಡಿದರೆ
ನಮ್ಮ ಅಡುಗೆಮನೆ ಹಲಗೆಯ ಸ್ಟೀಲು ಗಿಲಾಸು
ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು.
‘ಪಾಳಿ ಮುಗೀತು’ ಅನ್ನುತ್ತಿದ್ದಳು ಅವ್ವ,
ಅಪ್ಪನ ಜಳಕದ ನೀರಿಗೆ ಒಲೆ ಹಚ್ಚುತ್ತಾ.

ಆ ರಾತ್ರಿ ಗಿಲಾಸು ಸುಮ್ಮನಿದ್ದವು.
ಸೈರನ್ ಕೂಗಿತು, ಹೊತ್ತಲ್ಲದ ಹೊತ್ತಿನಲ್ಲಿ,
ನಿಲ್ಲದೆ.

ನನಗೆ ಹನ್ನೊಂದು, ತಮ್ಮ ಎಲೀಷನಿಗೆ ಐದು.
ಅವ್ವ ಅವನನ್ನು ಸೊಂಟಕ್ಕೇರಿಸಿ
ಚಪ್ಪಲಿ ಮರೆತು ನಡೆದಳು.
ಒಲೆ ಆರಿಸಿ ಚಿಲಕ ಹಾಕಿದ್ದು ನಾನು.
ದಾರಿಗುಂಟ ಗಣಿಯ ಬಿಳಿ ಮಣ್ಣಿನ ಗುಡ್ಡ,
ಚಿನ್ನವನ್ನೆಲ್ಲ ತೆಗೆದುಕೊಂಡು ಉಗಿದ ಹಿಟ್ಟು.
ಅದೇ ಬಣ್ಣ ಅವ್ವನ ಮುಖಕ್ಕೆ.

ಟೈಮ್ ಆಫೀಸಿನ ಗೋಡೆಗೆ ಮೊಳೆ ಹೊಡೆದ ಹಲಗೆ.
ಇಳಿಯುವವನು ತನ್ನ ಹಿತ್ತಾಳೆ ಬಿಲ್ಲೆ ಒಯ್ಯಬೇಕು,
ಹತ್ತಿ ಬಂದವನು ತಂದು ತೂಗುಹಾಕಬೇಕು.
ಮೊಳೆ ಖಾಲಿ ಇದ್ದರೆ
ಮನುಷ್ಯ ಇನ್ನೂ ಒಳಗಿದ್ದಾನೆ ಅಂತ.
ಹನ್ನೆರಡು ಮೊಳೆ ಖಾಲಿ.
ನಾನೂರ ಹದಿನೇಳು ನಮ್ಮದು.
ಮಗ್ಗುಲಿನ ಹದಿನಾರು ಹುಸೇನಮ್ಮನ ಗಂಡ ದ್ಯಾವಣ್ಣನದು.

ಸಭಾಪಾಲಕರು ಬಂದರು, ಮಫ್ಲರ್ ಸುತ್ತಿಕೊಂಡು.
ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು,
ಹೆಂಗಸರ ಹತ್ತಿರ ಮಣ್ಣಿಗೇ ಕುಂತರು.
ಈಗ ಅನಿಸುತ್ತದೆ, ಅವರು ಮಾಡಿದ
ಎಲ್ಲ ಪ್ರಸಂಗಗಳಲ್ಲಿ ಅದೇ ದೊಡ್ಡದು.

ಅವ್ವ ಕಣ್ಣು ಮುಚ್ಚಿರಲಿಲ್ಲ.
ಶಾಫ್ಟಿನ ಗಾಲಿಯನ್ನೇ ನೋಡುತ್ತಾ,
ಅಂಗಡಿಗೆ ಕಳಿಸುವಾಗ ನನಗೆ ಹೇಳುವ ಹಾಗೆ,
ಮತ್ತೆ ಮತ್ತೆ:
‘ಸ್ವಾಮೀ, ನಂಗ ಇಳ್ಯಾಕ ಬರಂಗಿಲ್ಲ.
ನೀ ಇಳಿ.’

‘ಯವ್ವಾ, ಯೇಸುಗೂ ಬಿಲ್ಲೆ ಕೊಡ್ತಾರೇನು?’
ಎಲೀಷ ಕೇಳಿದ, ಗಟ್ಟಿಯಾಗಿ.
ಯಾರೂ ನಗಲಿಲ್ಲ.
ತಾಯತವನ್ನು ಮುಷ್ಟಿಯಲ್ಲಿ ಹಿಡಿದಿದ್ದ ಹುಸೇನಮ್ಮ
ಅವನ ಮೂಗು ಒರೆಸಿ ಅಂದಳು:
‘ಕೊಡದಿದ್ರೂ ಹೋಗ್ತಾನ ತಗೋ ತಮ್ಮಾ.’

ಬೆಳಕು ಹರಿಯುವ ಮುಂಚೆ ಗಂಟೆ ಬಡಿಯಿತು.
ಗಾಲಿ ತಿರುಗಿತು. ಕೇಜಿನಿಂದ ಇಳಿದವರಿಗೆಲ್ಲ
ಒಂದೇ ಮುಖ, ಕೆಸರಿನದು.
ಅವ್ವ ನಡಿಗೆ ನೋಡಿ ಗುರುತು ಹಿಡಿದಳು.
ಅಪ್ಪ ಬಿಲ್ಲೆ ತೂಗುಹಾಕಲು ಹೋದ,
ಎರಡು ಸಲ ಮೊಳೆ ತಪ್ಪಿದ,
ಮೂರನೆಯ ಸಲ ಸಿಕ್ಕಿಸಿ
ಹಲಗೆಗೆ ಹಣೆ ಹಚ್ಚಿ ನಿಂತ.

ಹನ್ನೊಂದು ಮೊಳೆ ತುಂಬಿದವು.

ಅವ್ವನ ಬಾಯಿತನಕ ಬಂದ ಸ್ತೋತ್ರ
ಅಲ್ಲೇ ನಿಂತಿತು.
ಹುಸೇನಮ್ಮ ಇನ್ನೂ ಗಾಲಿ ನೋಡುತ್ತಿದ್ದಳು.

ವಾರದ ಮೇಲೆ, ಊಟಕ್ಕೆ ಕುಂತಾಗ, ಎಲೀಷ:
‘ನಾವು ಬೇಡಿಕೊಂಡ್ವಿ, ಅಪ್ಪ ಬಂದ.
ಅವರೂ ಬೇಡಿಕೊಂಡಿದ್ರಲ್ಲ ಯವ್ವಾ?’
ಅಪ್ಪ ತಾಟು ಬಿಟ್ಟು ಎದ್ದು ಹೋದ.
ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.
ದೇವರ ಚಿತ್ತ ಅನ್ನಲಿಲ್ಲ, ಸುಮ್ಮನಿರು ಅನ್ನಲಿಲ್ಲ.
‘ಗೊತ್ತಿಲ್ಲಪ್ಪಾ. ನಾನೂ ಅದನ್ನೇ ಕೇಳಾಕತ್ತೀನಿ.
ಆತ ಹೇಳೂತನಕ ಕೇಳ್ತೀನಿ.’
ಆಮೇಲೆ ಹತ್ತು ರೊಟ್ಟಿ ಎಣಿಸಿ ಬುಟ್ಟಿಗೆ ಹಾಕಿ
ನನ್ನ ಕೈಗಿಟ್ಟಳು, ಹುಸೇನಮ್ಮನ ಮನೆಗೆ.
ಮರುದಿನವೂ. ಆ ವರ್ಷ ಪೂರ್ತಿ.
ಅಪ್ಪ ಮತ್ತೆ ಗಣಿಗೆ ಇಳಿದ.
ಮದ್ದು ಸಿಡಿಯುವ ಹೊತ್ತಿಗೆ ಅವ್ವ
ಹಲಗೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು,
ಗಿಲಾಸು ಕಿಣಿ ಅನ್ನುವತನಕ.

ಈಗ ರಾಯಚೂರಿನ ಆಸ್ಪತ್ರೆ, ನಡುರಾತ್ರಿ.
ಕೆಂಪು ದೀಪದ ಬಾಗಿಲಿನಾಚೆ ನನ್ನ ಮಗಳು ತಬಿತಾ,
ನನ್ನ ಅಂಗೈಯಲ್ಲಿ ಬೆವರಿ ಮೆತ್ತಗಾದ ಟೋಕನ್ ಚೀಟಿ.
ದೊಡ್ಡ ಪ್ರಾರ್ಥನೆ ಯಾವುದೂ ಬರುತ್ತಿಲ್ಲ.
ಸ್ವಾಮೀ, ನನ್ನ ಒಳಗ ಬಿಡವಲ್ರು.
ನೀ ಹೋಗು.

ಪಕ್ಕದ ಬೆಂಚಿನಲ್ಲಿ ಇನ್ನೊಬ್ಬ ತಾಯಿ,
ಅವಳ ಕೈಯಲ್ಲೂ ಚೀಟಿ.
ನಾನು ಬುತ್ತಿ ಬಿಚ್ಚುತ್ತೇನೆ.
ರೊಟ್ಟಿ ಮುರಿದು ಕೇಳುತ್ತೇನೆ,
‘ನಿಮ್ಮವರು ಯಾರು, ಒಳಗ?’