ವ್ಯರ್ಥ: ಒಂಬತ್ತು

ದೋಣಿ ಜೊಂಡಿನಲ್ಲಿ ಸಿಕ್ಕಿಕೊಂಡಾಗ ಗಂಟೆ ಹತ್ತು.
ಚಾಡ್ ಸರೋವರಕ್ಕೆ ತನ್ನ ದಾರಿಗಳೇ ನೆನಪಿರುವುದಿಲ್ಲ,
ಹೋದ ತಿಂಗಳು ನೀರಿದ್ದಲ್ಲಿ ಈ ತಿಂಗಳು ಹುಲ್ಲು.
ಕಿಯಾರಿ ಗಳ ಊರುತ್ತ ಬೈದ
ಜೊಂಡನ್ನು, ಗಾಳಿಯನ್ನು, ಕೊನೆಗೆ ನನ್ನನ್ನು.
ನನ್ನ ತೊಡೆಯ ಮೇಲೆ ನೀಲಿ ಪೆಟ್ಟಿಗೆ,
ಒಳಗೆ ನಾಲ್ಕು ಮಂಜುಗಡ್ಡೆ, ಹನ್ನೊಂದು ಸೀಸೆ.
ಬಿಸಿಲೇರಿದಂತೆ ಒದ್ದೆ ಬಟ್ಟೆ ಹೊದಿಸಿದೆ.
ಹೆತ್ತ ಮಕ್ಕಳಿಗೂ ಇಷ್ಟು ನೆರಳು ಹಿಡಿದವಳಲ್ಲ ನಾನು.

ಸೀಸೆಯ ಚೀಟಿಯಲ್ಲೊಂದು ವೃತ್ತ, ಅದರೊಳಗೊಂದು ಚೌಕ.
ಚೌಕ ಬೆಳ್ಳಗಿರುವ ತನಕ ಮದ್ದಿಗೆ ಜೀವ.
ಕಪ್ಪಾಯಿತೋ, ಬರೀ ನೀರು.
ಬರೀ ನೀರಿಗಿಂತಲೂ ಕೆಟ್ಟದ್ದು:
ಚುಚ್ಚಿಸಿಕೊಂಡವರು ನಂಬಿ ಕೂತಿರುತ್ತಾರೆ.

ದ್ವೀಪದಲ್ಲಿ ಆರು ಗುಡಿಸಲು, ಐದು ಖಾಲಿ.
ಎಲ್ಲರೂ ದನಗಳ ಜೊತೆ ಈಜಿ
ಆಚೆ ದಡದ ಮೇವಿಗೆ ಹೋಗಿದ್ದರು.
ಉಳಿದದ್ದು ಕಾಲು ನೋಯುವ ಮುದುಕ ಬೊಕೊಯಿ,
ಮೀನು ಒಣಹಾಕುತ್ತಿದ್ದ ಸೊಸೆ,
ಅವಳ ಬೆನ್ನಿನಲ್ಲಿ ಹನ್ನೊಂದು ತಿಂಗಳ ಯಾಕುರಾ.

ಒಂದೇ ಮಗು.
ದಡಾರದ ಸೀಸೆಯೊಂದರಲ್ಲಿ ಹತ್ತು ಮಕ್ಕಳ ಪಾಲು.
ಕಲಸಿದ ಮೇಲೆ ಆರು ಗಂಟೆ, ನಂತರ ಚೆಲ್ಲಬೇಕು.
ನನ್ನ ಪುಸ್ತಕದಲ್ಲಿ 'ವ್ಯರ್ಥ' ಎಂಬ ಅಂಕಣವಿದೆ,
ಬೋಲ್ ಕಚೇರಿಯಲ್ಲಿ ಅದಕ್ಕೊಂದು ಕೆಂಪು ಪೆನ್ನಿದೆ.
'ಬುಧವಾರದ ಸಂತೆಗೆ ಕರೆತನ್ನಿ,' ಎಂದೆ,
'ಅಲ್ಲಿ ಮಕ್ಕಳು ಸೇರುತ್ತಾರೆ, ಎಲ್ಲರಿಗೂ ಒಟ್ಟಿಗೆ.'
ಸೊಸೆ ಮಾತಾಡಲಿಲ್ಲ. ಮೀನನ್ನು ಮಗುಚಿ ಹಾಕಿದಳು.

ಮುದುಕ ಕೇಳಿದ: 'ದನದ ಡಾಕ್ಟರೇನು ನೀನು?'
'ಅಲ್ಲ. ಮಕ್ಕಳಿಗೆ.'
'ಓ. ದನಕ್ಕೆ ನಾಲ್ಕು ಸಲ ಬಂದು ಹೋದರು.
ಮಕ್ಕಳಿಗೆ ಅಂತ ಬಂದವಳು ನೀನೇ ಮೊದಲು.'

ನೀರಂಚಿನಲ್ಲಿ ಒಂದು ಮುದಿ ಹಸು ನಿಂತಿತ್ತು,
ಕೊಂಬುಗಳು ಕೊಡದಷ್ಟು ದಪ್ಪ.
ಅದನ್ನೇ ನೋಡುತ್ತ ಹೇಳಿದ:

'ದನಗಳಿಗೆ ಮಾರಿ ಬಂದ ಕಾಲ. ನಾನಿನ್ನೂ ಹುಡುಗ.
ಸೂಜಿಯವರು ಬಂದಾಗ ಅಪ್ಪ ತೊಂಬತ್ತೊಂಬತ್ತನ್ನು ಹೊಡೆದು ತಂದ,
ಒಂದು ಬಿಳಿ ಕರುವನ್ನು ಜೊಂಡಿನಲ್ಲಿ ಬಚ್ಚಿಟ್ಟ.
ಪ್ರೀತಿಯ ಕರು, ನೋಯಬಾರದು ಅಂತ.'

'ಸತ್ತಿತೇ?'

'ಎಲ್ಲಿ ಸತ್ತೀತು? ಸುತ್ತ ತೊಂಬತ್ತೊಂಬತ್ತರ ಬೇಲಿ.
ಗಟ್ಟಿಮುಟ್ಟಾಗಿ ಬೆಳೆಯಿತು. ಅದೇ ತಪ್ಪಾಯಿತು.
ಅದನ್ನು ನೋಡಿ ಪಕ್ಕದ ದ್ವೀಪದವರು ಒಂದೊಂದು ಬಚ್ಚಿಟ್ಟರು,
ಮರುವರ್ಷ ಐದೈದು.
ಮೂರನೆಯ ವರ್ಷ ಮಾರಿ ಬಂತು,
ಬಚ್ಚಿಟ್ಟವುಗಳ ವಿಳಾಸ ಗೊತ್ತಿದ್ದ ಹಾಗೆ.'

ಸ್ವಲ್ಪ ಹೊತ್ತು ನೊಣಗಳ ಸದ್ದು.

'ಬೇಲಿಯ ಗೂಟ ಎಣಿಸಿ ಏನು ಬಂತು, ಮಗಳೇ?
ಸಂದು ಎಣಿಸು.'

ಪೆಟ್ಟಿಗೆ ತೆರೆದೆ.
ಚೌಕ ಬೆಳ್ಳಗಿತ್ತು.
ಯಾಕುರಾ ತಾಯಿತದ ದಾರ ಜಗಿಯುತ್ತ
ನನ್ನ ಕೈಯನ್ನೇ ನೋಡುತ್ತಿದ್ದಳು,
ಏನೋ ಕೊಡುತ್ತೇನೆ ಎಂಬ ಆಸೆಯಲ್ಲಿ.
ಕೊಟ್ಟೆ. ಅವಳ ಕೂಗಿಗೆ ಹಸು ಕಿವಿ ನಿಮಿರಿಸಿತು.
ಕಿರುಬೆರಳಿಗೆ ನೇರಳೆ ಶಾಯಿ ಹಚ್ಚಿದೆ,
ಅಳುತ್ತಲೇ ಅದರ ರುಚಿ ನೋಡಿದಳು.

ವಾಪಸು ಬರುವಾಗ ಕಿಯಾರಿ ಸೀಸೆ ಎತ್ತಿ ನೋಡಿ
'ಒಂಬತ್ತು ಉಳಿದಿದೆ, ನನಗೇ ಹಾಕಿಬಿಡು' ಎಂದು ನಕ್ಕ.
ದಾರಿಯಲ್ಲಿ ಇನ್ನೊಂದು ಮಗು ಸಿಗಬಹುದೆಂದು
ಪ್ರತಿ ಹೊಗೆಯ ಕಡೆಗೂ ದೋಣಿ ತಿರುಗಿಸಿದೆವು.
ಸಿಗಲಿಲ್ಲ.
ಸಂಜೆ ಚೆಲ್ಲಿದೆ.
ಬಳಸಿದ್ದು: ಒಂದು. ವ್ಯರ್ಥ: ಒಂಬತ್ತು. ಕಾರಣ:

ಬುಧವಾರ ಸಂತೆಯಲ್ಲಿ ಯಾಕುರಾ ಸಿಕ್ಕಳು,
ತಾಯಿ ಬೆನ್ನಿನಿಂದಲೇ ಊರಿಗೆಲ್ಲ ಸೀನುತ್ತ. ಬರೀ ನೆಗಡಿ.
ಅವಳಾಚೆ, ಉಪ್ಪಿನ ರಾಶಿ ಹತ್ತಿ ಜಾರುವ ಹುಡುಗರು,
ಮೀನಿನ ಬುಟ್ಟಿಯಲ್ಲಿ ಮಲಗಿದ್ದ, ಸೂಜಿಗಿನ್ನೂ ವಯಸ್ಸಾಗದ
ನಲವತ್ತು ದಿನದ ಕೂಸು,
ಅದರ ಅಕ್ಕ, ಆ ಅಕ್ಕನ ಗೆಳತಿ...
ಒಂಬತ್ತಕ್ಕೆ ನಿಲ್ಲಿಸೋಣವೆಂದು ನೋಡಿದೆ.
ಎಣಿಕೆ ನಿಲ್ಲಲಿಲ್ಲ.

ಕಚೇರಿಯಿಂದ ಪುಸ್ತಕ ತಿರುಗಿ ಬಂದಿದೆ,
ಕೆಂಪು ಗೆರೆ ಎಳೆದು: 'ಕಾರಣ ಬರೆದಿಲ್ಲ.'
ಅಂಕಣದ ಅಗಲ ಎರಡು ಬೆರಳು.