ಟಿಕಳಿ ಅಂಟಿಸಿದ ದೀಪ

ಹನ್ನೊಂದು ದಿನದಿಂದ ಡ್ಯಾಶ್‌ಬೋರ್ಡಿನೊಳಗೆ
ಬ್ಯಾಟರಿ ಚಿತ್ರದ ಆ ಕೆಂಪು ದೀಪ ಆರಿರಲಿಲ್ಲ.
ಕೊಟ್ರವ್ವನ ಟಿಕಳಿ ಹಾಳೆಯಿಂದ
ದೊಡ್ಡದೊಂದು ಕಿತ್ತು ಅದರ ಮೇಲೆ ಅಂಟಿಸಿದ್ದೆ.
ಗಾಡಿ ಓಡುತ್ತಿತ್ತಲ್ಲ.

ದುರ್ಗಕ್ಕೆ ಮಂಡಕ್ಕಿ ಇಳಿಸಿ ಬರುವಾಗ
ಭರಮಸಾಗರ ದಾಟಿದ ಮೇಲೆ, ರಾತ್ರಿ ಹತ್ತೂವರೆಗೆ,
ಮೊದಲು ಹಾರನ್ನಿನ ಗಂಟಲು ಕಟ್ಟಿತು.
ಹೆಡ್‌ಲೈಟು ಅರಿಶಿನ ಕದಡಿದ ನೀರಾಯಿತು,
ಆಮೇಲೆ ಅದೂ ಇಲ್ಲ.
ಹಳೇ ಡೀಸೆಲ್ ಎಂಜಿನ್ನು, ಕರೆಂಟು ಕೇಳುವುದಿಲ್ಲ,
ಕುರುಡಾಗಿಯೂ ಉರುಳುತ್ತದೆ.
ಹಿಂದೆ ಖಾಲಿ ಚೀಲಗಳ ಪಟಪಟ.
ಮುಂದೆ ರಸ್ತೆ ಇದೆ ಎಂಬ ನಂಬಿಕೆ, ಅಷ್ಟೇ.

ನಾಮಕ್ಕಲ್ಲಿನ ಲಾರಿಯೊಂದು ನನ್ನ ದಾಟಿತು.
ಎರಡು ಹಿಂದೀಪದಲ್ಲಿ ಒಂದು ಒಡೆದಿತ್ತು.
ಉಳಿದ ಆ ಒಂದನ್ನೇ ಹಿಡಿದು ಹೊರಟೆ.
ಅವನಿಗೆ ಗೊತ್ತಾಯಿತೋ ಏನೋ,
ನಲವತ್ತರ ಮೇಲೆ ಓಡಿಸಲೇ ಇಲ್ಲ.
ಆನಗೋಡು ಬಂತು, ಹೋಯಿತು.
ನಾನು ಸರ್ವೀಸ್ ರೋಡಿಗೆ ಇಳಿದಾಗ
ಅವನು ಒಮ್ಮೆ ಇಂಡಿಕೇಟರ್ ಮಿಟುಕಿಸಿ
ಹರಿಹರದ ಕಡೆ ಹೋದ.
ಮುಖ ನೋಡಿಲ್ಲ. ನಂಬರೂ ನೆನಪಿಲ್ಲ.

ಬೆಳಿಗ್ಗೆ ಬುಡೇನ್ ಸಾಬರ ಶೆಡ್ಡು.
ಮೀಟರಿನ ಎರಡು ಕಡ್ಡಿ ಇಟ್ಟು ನೋಡಿದರು:
ಎಂಜಿನ್ ಓಡುತ್ತಿದೆ, ಹದಿನಾಲ್ಕು ಬರಬೇಕು,
ಹನ್ನೊಂದೂವರೆ.
ಆಲ್ಟರ್ನೇಟರ್ ಬಿಚ್ಚಿ ಮೂಗಿನ ಹತ್ತಿರ ಹಿಡಿದರು,
ಕಲ್ಲಂಗಡಿ ಆರಿಸುವವರ ಹಾಗೆ.
ತಳ ಹತ್ತಿದ ಬೆಲ್ಲದ ವಾಸನೆ.
ಕಾರ್ಬನ್ ಬ್ರಷ್ಷು ಉಗುರಿನ ತುದಿಯಷ್ಟು ಉಳಿದಿತ್ತು.

"ಇದು ದುಡಿಯೋದು ನಲವತ್ತೈದು ಆಂಪು.
ನೀವು ಉಣ್ಣೋದು ಎಷ್ಟು, ಹೇಳ್ರಿ."

ಹಗಲು ಗಾಡಿ, ಸಂಜೆ ಅದೇ ಅಂಗಡಿ ನಮ್ಮದು:
ಮಿರ್ಚಿ, ಖಾರ ಮಂಡಕ್ಕಿ, ವಿದ್ಯಾನಗರದ ಕಡೆಯ ತಿರುವು.
ಕೊಟ್ರವ್ವ ಬೆರಳು ಮಡಚುತ್ತಾ ಹೇಳಿದಳು,
ಸಾಬರು ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು.
ಬಲ್ಬು ಎಂಟು. ಫ್ಯಾನು ಐದು.
ಓಡುವ ಅಕ್ಷರದ ಬೋರ್ಡು ಮೂರು.
ಇನ್ವರ್ಟರಿನ ಮೇಲೆ ಮಿಕ್ಸಿ.
ಸೀಮೆಸುಣ್ಣ ನಿಂತಿತು. "ಅದೊಂದೇ ನಲವತ್ತು, ತಾಯಿ."

ಚಟ್ನಿ ಮನೆಯಲ್ಲೇ ರುಬ್ಬಿ ತಂದರಾಯಿತು ಅಂದೆ.
ಅವಳು ನನ್ನ ಕಡೆ ನೋಡಲಿಲ್ಲ.
"ಎದುರಿಗೆ ರುಬ್ಬಿದ್ರ ಜನ ನಿಲ್ತಾರ್ರೀ ಸಾಬ್ರೇ,
ದೊಡ್ಡದು ಹಾಕ್ರಿ."
ಚೀಟಿಯ ದುಡ್ಡು, ರವಿಕೆಯೊಳಗಿನ ಪರ್ಸು,
ಬೆವರಿಗೆ ಮೆತ್ತಗಾದ ನೋಟುಗಳು.

ಬೇರೆ ಗಾಡಿಯದು, ತೊಂಬತ್ತು ಆಂಪಿನದು, ಸೆಕೆಂಡ್ ಹ್ಯಾಂಡು.
ಕಿವಿ ಕೂಡಲಿಲ್ಲ. ಲೇತಿನ ಪಂಪಣ್ಣ
ಊಟ ಬಿಟ್ಟು ಎದ್ದು ಬ್ರಾಕೆಟ್ ಕೊರೆದುಕೊಟ್ಟ.
ಬೆಲ್ಟು ಒಂದಿಂಚು ಕಡಿಮೆ ಬಿತ್ತು, ಮತ್ತೊಂದು ತಂದೆ.
ಹಳೇ ವೈರು ಚೆನ್ನಾಗೇ ಇದೆಯಲ್ಲ ಅಂದೆ.
ಸಾಬರು ನಕ್ಕರು.
"ಕಾಲುವೆ ಹಳೇದಿಟ್ಟು ಕೆರಿ ದೊಡ್ಡದು ಮಾಡಿದ್ರ?
ನಡುದಾರ್ಯಾಗ ಸುಡ್ತೈತಿ."
ಕಿರುಬೆರಳು ದಪ್ಪದ ತಾಮ್ರ ಎಳೆದರು.

ಹಳೆಯದನ್ನು ತಕ್ಕಡಿಗಿಟ್ಟರು: ಐದು ಕೇಜಿ ಇನ್ನೂರು.
ಆರು ವರ್ಷ, ಯಾರೂ ಬಗ್ಗಿ ನೋಡದ ಜಾಗದಲ್ಲಿ
ತಿರುಗಿ ತಿರುಗಿ ಕಪ್ಪಾದದ್ದು.
ಗುಜರಿಗೆ ಆರು ನೂರು. ತೆಗೆದುಕೊಂಡೆ.

ಟಿಕಳಿ ಕಿತ್ತೆ. ಅಂಟು ಅಲ್ಲೇ ಉಳಿಯಿತು.
"ಚಾವಿ ತಿರುವಿದಾಗ ಹತ್ತಬೇಕು ಅದು,
ಎಂಜಿನ್ ಹಿಡಿದ ಮ್ಯಾಲೆ ಆರಬೇಕು.
ಹತ್ತದೇ ಇದ್ರೂ ರೋಗಾನೇ, ತಿಳ್ಕೋ."
ಹತ್ತಿತು. ಆರಿತು.
ಮತ್ತೆ ಮತ್ತೆ ತಿರುವಿ ನೋಡಿದೆ,
ಸಾಬರು ಕೈಮೇಲೆ ಹೊಡೆಯುವವರೆಗೆ.

"ನಿಂತಲ್ಲಿ ಪೂರ್ತಿ ಕೊಡಲ್ಲ ಇದು.
ಮಿಕ್ಸಿ ಹಾಕೋವಾಗ ಒಂಚೂರು ರೇಸ್ ಕೊಡಪಾ."

ಈಗ ಸಂಜೆಯ ಲೆಕ್ಕ ಹೀಗೆ:
ಹಿಂದೆ ಅವಳು ಜಾರಿಗೆ ಹಸಿಮೆಣಸು, ಪುಟಾಣಿ ಹಾಕಿ
ಮುಚ್ಚಳ ಒತ್ತಿ "ಹೂಂ" ಅನ್ನುತ್ತಾಳೆ.
ಕ್ಯಾಬಿನ್ನಿನಲ್ಲಿ ನಾನು ಕಾಲು ಒತ್ತುತ್ತೇನೆ.
ಎಂಜಿನ್ನೂ ಮಿಕ್ಸಿಯೂ ಒಂದೇ ಉಸಿರಲ್ಲಿ ಏರುತ್ತವೆ.
ಎಂಟು ಬಲ್ಬಿನಲ್ಲಿ ಒಂದೂ ಕಣ್ಣು ಮುಚ್ಚುವುದಿಲ್ಲ.
"ಸಾಕು" ಅನ್ನುವ ತನಕ
ನಾನು ಕಾಲು ತೆಗೆಯುವುದಿಲ್ಲ.