ಅಳತೆ ಪುಸ್ತಕದ ಕೊನೆಯ ಹಾಳೆ

ಒಂದು ಮಗ್ಗುಲಿಗೆ ಮದುಮಗನ ಬಿಳಿ ಕುಪ್ಯದ ಅಳತೆ:
ಎದೆ ನಲವತ್ತೆರಡು, ಎಡ ಹೆಗಲು ಅರ್ಧ ಇಂಚು ಇಳಿ.
ಅದರ ಬೆನ್ನಿಗೇ ಜಂಶಿಯ ಕೈಬರಹ:
ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಎಂಟರದು ಎರಡು,
ಎಸ್ಸೆಸ್ಡಿ, ಎಸ್ಸೆಂಪಿಯೆಸ್, ಕ್ಯಾಬಿನೆಟ್.
ಗ್ರಾಫಿಕ್ಸ್ ಕಾರ್ಡಿನ ಎದುರು ರೇಟಿಲ್ಲ,
ಕೊಕ್ಕೆಯಂಥ ಪ್ರಶ್ನೆಯ ಗುರುತು.

ಮೂವತ್ತೆಂಟು ಸಾವಿರ. ಚೀಟಿ ಈ ಸಲ ನನಗೆ ಎದ್ದಿತ್ತು.
ಓವರ್‌ಲಾಕ್ ಮಷೀನು ಇನ್ನೊಂದು ವರ್ಷ ತಡೆದೀತು,
ಅಂಚು ಕೈಯಲ್ಲೇ ಹೊಲಿದು ಅಭ್ಯಾಸ.
ಇವಳೂ ಸುಮ್ಮನೆ ಕೂತವಳಲ್ಲ;
ಗುಂಡಿಗೆ ಎರಡು ರೂಪಾಯಿಯಂತೆ ಹಚ್ಚುತ್ತಾಳೆ,
ರ‍್ಯಾಮಿನ ಒಂದು ಕಡ್ಡಿಗೆ ಎಂಟುನೂರು ಗುಂಡಿ
ಎಂದು ಗೋಡೆಯ ಮೇಲೆ ಸೀಮೆಸುಣ್ಣದ ಗೀಟು ಎಳೆದಿದ್ದಾಳೆ.

"ಉಮ್ಮಾ, ಒಳಗೆ ಬಣ್ಣದ ದೀಪ ಓಡುವ ಗಾಜಿನ ಡಬ್ಬಿ?"
ನಾನು ಬಟ್ಟೆಯವಳು. ಮಿನುಗುವುದನ್ನು ಕಂಡರೆ
ಮೊದಲು ತಿರುವಿ ಒಳಮೈ ನೋಡುತ್ತೇನೆ.
ಜರಿಗೆ ಸುರಿದು ಲೈನಿಂಗಿಗೆ ಕೈ ಹಿಡಿದವರೆಲ್ಲ
ಎರಡನೇ ಒಗೆತಕ್ಕೆ ನನ್ನ ಬಾಗಿಲಿಗೆ ಬಂದಿದ್ದಾರೆ.
"ಹೊಳೆಯದ್ದು ಎಷ್ಟಕ್ಕೆ?" ಅಂದೆ.
ಎರಡು ಸಾವಿರ ಉಳಿಯಿತು. ಮುಖ ಊದಿತು.

ಎಸ್ಸೆಂಪಿಯೆಸ್ಸಿನಲ್ಲೂ ಉಳಿಸೋಣ ಅಂದಳು.
ಅದೇನು ಮಾಡುತ್ತೆ?
"ಕರೆಂಟನ್ನ ಎಲ್ಲದಕ್ಕೂ ಹಂಚುತ್ತೆ."
ಯಾವ ಕರೆಂಟು? ಗೋಣಿಕೊಪ್ಪದ್ದಾ?
ಜುಲೈಯಲ್ಲಿ ತಂತಿಯ ಮೇಲೆ ಮರ ಬಿದ್ದು
ಮೂರು ದಿನ ಸುಳಿವಿಲ್ಲದೆ ಹೋಗಿ,
ಬರುವಾಗ ಬೇಲಿ ಮುರಿದ ಆನೆಯ ಹಾಗೆ ಬರುತ್ತದಲ್ಲ, ಅದಾ?
ನನ್ನ ಮೋಟಾರು ಎರಡು ಸಲ ಸುಟ್ಟಿದೆ ಮಗಳೇ.
ಬಟ್ಟೆ ಅಗ್ಗದ್ದಿರಲಿ,
ನೂಲಿನಲ್ಲಿ ಜಿಪುಣತನ ಬೇಡ.
ಉಳಿದ ಎರಡು ಸಾವಿರ ಅಲ್ಲಿಗೇ ಹೋಯಿತು.

ಕಾರ್ಡು ಸಿಕ್ಕಿದ್ದು ಕುಶಾಲನಗರದಲ್ಲಿ,
ಸೈಬರ್ ಮುಚ್ಚಿದ ಪಳಂಗಪ್ಪನ ಹತ್ತಿರ.
ನಾಲ್ಕು ವರ್ಷ ದುಡಿದದ್ದು; ರೆಕ್ಕೆಗಳ ಸಂದಿಯಲ್ಲಿ
ಪಕ್ಕದ ಕ್ಯೂರಿಂಗ್ ವರ್ಕ್ಸಿನ ಕಾಫಿ ಹೊಟ್ಟು.
ಜಂಶಿ ಅರ್ಧ ಗಂಟೆ ಆಟ ಓಡಿಸಿ ಬಿಸಿ ಎಷ್ಟು ಎಂದು ಬರೆದುಕೊಂಡಳು,
ನಾನು ಮೂಗಿಗೆ ಹಿಡಿದೆ.
ಹಳೆ ಮಷೀನು ಕೊಳ್ಳುವವರಿಗೆ ಗೊತ್ತು,
ಸುಟ್ಟ ಸುರುಳಿ ವಾಸನೆಯನ್ನು ಬಚ್ಚಿಡಲಾರದು.
ಒಂಬತ್ತು ಅಂದವನು ಏಳೂವರೆಗೆ ಇಳಿದ,
ಜೊತೆಗೆ ಅವನ ಎರಡು ಪ್ಯಾಂಟಿನ ಸೊಂಟ ನಾನು ಬಿಗಿ ಮಾಡಬೇಕು.
ಸೈಬರ್ ಮುಚ್ಚಿದ ಮೇಲೆ ತೆಳ್ಳಗಾಗಿದ್ದಾನೆ, ಪಾಪ.

ಭಾನುವಾರ. ಹೊರಗೆ ಸಂತೆಯ ಕೂಗು,
ಒಳಗೆ ಕಟಿಂಗ್ ಟೇಬಲ್ಲಿನ ಮೇಲೆ ಹಸಿರು ಹಲಗೆ.
"ನೈಲಾನು ದೂರ ಇಡು, ಕಾಣದ ಕಿಡಿಗೂ ಇದು ಸಾಯುತ್ತೆ"
ಎಂದು ನನ್ನ ಅಂಗಡಿಯಲ್ಲಿ ನನಗೇ ಹುಕುಂ.
ಒಂದು ಸ್ಕ್ರೂ ಜಾರಿ ಚಿಂದಿಗಳ ರಾಶಿಗೆ ಬಿತ್ತು;
ಬಿದ್ದ ಸೂಜಿ ಹುಡುಕುವ ನನ್ನ ಅಯಸ್ಕಾಂತ
ಅದನ್ನೂ ಕಚ್ಚಿಕೊಂಡು ಬಂತು,
ಜೊತೆಗೆ ಕಳೆದ ವರ್ಷದ ಮೂರು ಗುಂಡುಸೂಜಿ.

ಗುಂಡಿ ಒತ್ತಿದಳು. ಫ್ಯಾನು ತಿರುಗಿತು.
ಪರದೆ ಕಪ್ಪು.
ಮತ್ತೆ ಒತ್ತಿದಳು. ಕಪ್ಪು.
ಎಂಟುನೂರು, ಎಂಟುನೂರು ಎಂದು
ಅವಳ ತುಟಿ ಎಣಿಸುತ್ತಿದ್ದುದು ನನಗೆ ಕಂಡಿತು.
ಆ ಕಡ್ಡಿಗಳನ್ನು ಕೂರಿಸುವಾಗ
ಒಂದೇ ಸಲ ಸದ್ದು ಕೇಳಿದ್ದು ನೆನಪಾಯಿತು.
ಬಾಬಿನ್ ಕೇಸು ಟಕ್ ಅನ್ನದಿದ್ದರೆ ಕೂತಿಲ್ಲವೆಂದೇ ಲೆಕ್ಕ.
ಪ್ಲಗ್ಗು ಎಳೆಸಿ, ಹೆಬ್ಬೆರಳಿಟ್ಟು ಅದುಮಿದೆ.
ಟಕ್.

ಈಗ ರಾತ್ರಿ ಹತ್ತು. ಅಂಗಡಿಯ ಶಟರು ಅರ್ಧಕ್ಕಿದೆ.
ಪರದೆಯಲ್ಲಿ ಒಬ್ಬ ಯೋಧ ಹಿಮದಲ್ಲಿ ಓಡುತ್ತಿದ್ದಾನೆ,
ಅಲ್ಲಲ್ಲಿ ತಡವರಿಸುತ್ತಾನೆ, ಜಂಶಿ ಏನೋ ತಗ್ಗಿಸುತ್ತಾಳೆ,
ಮತ್ತೆ ಸಲೀಸು.
ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ.
"ಅವನ ಅಂಗಿಗೆ ಕಂಕುಳಲ್ಲಿ ಹೊಲಿಗೆಯೇ ಇಲ್ಲವಲ್ಲೇ,
ಕತ್ತಿ ಎತ್ತಿದರೆ ಹರಿದುಹೋಗುತ್ತೆ."
"ಹೊಲಿಗೆ ಇದೆ ಉಮ್ಮಾ. ಲೋ ಸೆಟ್ಟಿಂಗಿನಲ್ಲಿ ಕಾಣಲ್ಲ.
ಹೈ ಇಟ್ಟರೆ ಒಂದೊಂದು ಎಳೆ ಕಾಣುತ್ತೆ,
ಅದಕ್ಕೆ ಬೇರೆ ಕಾರ್ಡು ಬೇಕು."

ಎಷ್ಟಾಗುತ್ತಂತೆ ಅದು,
ಎಂದು ಕೇಳುವಷ್ಟರಲ್ಲಿ
ಅವಳು ಅಳತೆ ಪುಸ್ತಕವನ್ನು ತಿರುವಿಹಾಕಿ
ಖಾಲಿ ಹಾಳೆ ಹುಡುಕುತ್ತಿದ್ದಳು.